ಜಮೈಕಾ ಇನ್: ಆ ಹೆಸರು ರಮ್ಮಿನಿಂದ ಬಂದದ್ದಲ್ಲ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಬಾಡ್ಮಿನ್ ಮೂರ್ ಎಂಬ ಬೋಳು ಬಯಲಿದೆ. ಮರ ಕಡಿಮೆ, ಗಾಳಿ ಜೋರು, ಮಂಜು ಇಳಿದರೆ ದಾರಿಯೇ ಕಾಣುವುದಿಲ್ಲ. ಲಾನ್ಸ್‌ಟನ್‌ನಿಂದ ಬಾಡ್ಮಿನ್ ಪೇಟೆಗೆ ಹೋಗುವ ಹಳೆಯ ರಸ್ತೆ ಈ ಬಯಲನ್ನು ಸೀಳಿಕೊಂಡು ಹೋಗುತ್ತದೆ. ಹೆಚ್ಚುಕಡಿಮೆ ಆ ದಾರಿಯ ನಡುವೆ, ಬಾಲ್ವೆಂಟರ್ ಎಂಬ ಪುಟ್ಟ ಊರಿನಲ್ಲಿ, 1750ರಲ್ಲಿ ಕಟ್ಟಿದ ಒಂದು ಪಬ್ ಇದೆ. ಕುದುರೆ ಸಾರೋಟುಗಳು ನಿಲ್ಲಲು, ಪ್ರಯಾಣಿಕರು ಉಂಡು ಮಲಗಲು ಕಟ್ಟಿದ್ದು. 1778ರಲ್ಲಿ ಅದಕ್ಕೆ ಸಾರೋಟಿನ ಕೊಟ್ಟಿಗೆ, ಕುದುರೆ ಲಾಯ, ಜೀನು ಇಡುವ ಕೋಣೆ ಸೇರಿದವು. ಹೆಸರು ಜಮೈಕಾ ಇನ್. ಏಳು ಸಾವಿರ ಕಿಲೋಮೀಟರಿಗೂ ದೂರದ ಕೆರಿಬಿಯನ್ ದ್ವೀಪದ ಹೆಸರು ಈ ಗಾಳಿ ಬಯಲಿಗೆ ಬಂದದ್ದು ಹೇಗೆ?

ಎಲ್ಲರ ಬಾಯಲ್ಲೂ ಇರುವ ಉತ್ತರ: ಕಳ್ಳಸಾಗಣೆದಾರರು ಜಮೈಕಾದ ರಮ್ಮನ್ನು ಇಲ್ಲಿ ಬಚ್ಚಿಡುತ್ತಿದ್ದರು, ಅದಕ್ಕೇ ಈ ಹೆಸರು. 1936ರಲ್ಲಿ ಡಾಫ್ನೆ ದು ಮೋರಿಯೇ ಇದೇ ಹೆಸರಿನ ಕಾದಂಬರಿ ಬರೆದ ಮೇಲಂತೂ ಕಳ್ಳಸಾಗಣೆಯನ್ನು ಬಿಟ್ಟು ಈ ಮನೆಯನ್ನು ನೆನೆಯುವುದೇ ಕಷ್ಟವಾಗಿದೆ. ಇಲ್ಲಿ ಕಳ್ಳಮಾಲು ಇಳಿಯಲೇ ಇಲ್ಲ ಎಂದು ಹೇಳುತ್ತಿಲ್ಲ. ಕರಾವಳಿಯಿಂದ ಒಳನಾಡಿಗೆ ಸಾಗುವ ದಾರಿ ಇದೇ ತಾನೆ. ಆದರೆ 18ನೇ ಶತಮಾನದಲ್ಲಿ ಕಾರ್ನ್‌ವಾಲ್‌ಗೆ ಕದ್ದು ಬರುತ್ತಿದ್ದ ಸರಕು ಮುಖ್ಯವಾಗಿ ಬ್ರಾಂದಿ, ಜಿನ್, ಚಹಾ, ಹೊಗೆಸೊಪ್ಪು. ಬರುತ್ತಿದ್ದದ್ದು ಎದುರಿನ ಫ್ರಾನ್ಸ್ ತೀರದಿಂದ, ಗರ್ನ್‌ಸಿ ದ್ವೀಪದಿಂದ. ಅಲ್ಲದೆ ಕದ್ದ ಮಾಲು ಬಚ್ಚಿಡುವವನು ಆ ಮಾಲಿನ ಊರಿನ ಹೆಸರನ್ನು ಬೀದಿಗೆ ಕಾಣುವಂತೆ ಬೋರ್ಡಿನ ಮೇಲೆ ಬರೆಸುತ್ತಾನೆಯೇ?

ಇದಕ್ಕಿಂತ ಗಟ್ಟಿಯಾದ ಉತ್ತರ ಇರುವುದು ಟ್ರೆಲಾನಿ ಕುಟುಂಬದಲ್ಲಿ. ಕಾರ್ನ್‌ವಾಲ್‌ನ ದೊಡ್ಡ ಜಮೀನ್ದಾರರು. ಈ ಮನೆತನದ ಇಬ್ಬರು ಜಮೈಕಾದ ಗವರ್ನರ್ ಆಗಿದ್ದರು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಬ್ಬಿಗೆ ಆ ಸೀಮೆಯ ದೊಡ್ಡ ಮನೆತನದ ಹೆಸರನ್ನೋ ಲಾಂಛನವನ್ನೋ ಇಡುವುದು ಮಾಮೂಲು. ಇಲ್ಲಿ ಮನೆತನದ ಹೆಸರಿನ ಬದಲು ಅವರು ಆಳಿದ ದ್ವೀಪದ ಹೆಸರು ಬಂದಿದೆ, ಅಷ್ಟೇ ವ್ಯತ್ಯಾಸ.

ಆದರೆ ಇಬ್ಬರಲ್ಲಿ ಯಾರು? ಇಲ್ಲಿ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎಡ್ವರ್ಡ್ ಟ್ರೆಲಾನಿ ಜಮೈಕಾದಲ್ಲಿದ್ದದ್ದು 1738ರಿಂದ 1752ರವರೆಗೆ. ಸರ್ ವಿಲಿಯಂ ಟ್ರೆಲಾನಿ 1767ರಲ್ಲಿ ಗವರ್ನರ್ ಆಗಿ 1772ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಜಮೈಕಾದ ಟ್ರೆಲಾನಿ ಪ್ಯಾರಿಷ್‌ಗೆ (ಅಲ್ಲಿ ಪ್ಯಾರಿಷ್ ಎಂದರೆ ನಮ್ಮ ಜಿಲ್ಲೆಯ ಹಾಗೆ) ಹೆಸರು ಬಂದದ್ದು ಈ ವಿಲಿಯಂರಿಂದ. ಓಟಗಾರ ಉಸೇನ್ ಬೋಲ್ಟ್ ಹುಟ್ಟಿದ್ದು ಅದೇ ಪ್ಯಾರಿಷ್‌ನಲ್ಲಿ. ಅಲ್ಲಿನ ಬಂದರು ಫಾಲ್ಮತ್, ಅದೂ ಕಾರ್ನ್‌ವಾಲ್‌ನ ಫಾಲ್ಮತ್‌ನ ಹೆಸರೇ. ಆ ದಿನಗಳ ಜಮೈಕಾ ಎಂದರೆ ಗುಲಾಮರ ದುಡಿಮೆಯ ಮೇಲೆ ನಿಂತ ಕಬ್ಬಿನ ತೋಟಗಳು; ಗವರ್ನರ್ ಹೆಸರಿನ ಮೆರುಗಿನ ಹಿಂದೆ ಇದ್ದದ್ದು ಅದು, ಇದನ್ನು ಹೇಳದೆ ಬಿಡಬಾರದು.

ಪಬ್ ಬಾಗಿಲು ತೆರೆದಾಗಲೇ ಈ ಹೆಸರಿದ್ದರೆ ಅದು ಎಡ್ವರ್ಡ್ ಕಾಲದ್ದು. ವಿಲಿಯಂರಿಂದ ಬಂದಿದ್ದರೆ ಮನೆ ಮೊದಲ ಹದಿನೇಳು ವರ್ಷವಾದರೂ ಬೇರೆ ಹೆಸರಿನಲ್ಲಿ ನಡೆದಿರಬೇಕು. ನನ್ನ ಒಲವು ಎಡ್ವರ್ಡ್ ಕಡೆಗೆ. 1739ರಲ್ಲಿ ಸ್ಪೇನ್ ಜೊತೆ ಯುದ್ಧ ಶುರುವಾಗಿತ್ತು, ಅಡ್ಮಿರಲ್ ವರ್ನನ್ ಜಮೈಕಾದಿಂದ ಹೊರಟು ಸ್ಪೇನಿನ ಕೈಲಿದ್ದ ಬಂದರು ಪೋರ್ಟೊಬೆಲೊ ಹಿಡಿದಿದ್ದ, ಅದೇ ವರ್ಷ ಎಡ್ವರ್ಡ್ ಆಡಳಿತ ಗುಡ್ಡಗಾಡಿನ ಮರೂನರ (ತಪ್ಪಿಸಿಕೊಂಡು ಹೋದ ಗುಲಾಮರು, ಅವರ ಸಂತತಿ) ಜೊತೆ ಒಪ್ಪಂದ ಮಾಡಿಕೊಂಡಿತ್ತು. ಜಮೈಕಾ ಆಗ ಸುದ್ದಿಯಲ್ಲಿದ್ದ ಹೆಸರು.

ಒಲವು ಪುರಾವೆಯಲ್ಲ. ಹುಡುಕುವವರು ಮೊದಲು ನೋಡಬೇಕಾದ್ದು ಲೈಸೆನ್ಸ್ ದಾಖಲೆ. 1552ರಿಂದಲೇ ಇಂಗ್ಲೆಂಡಿನಲ್ಲಿ ಹೆಂಡ ಮಾರಲು ಇಬ್ಬರು ಮ್ಯಾಜಿಸ್ಟ್ರೇಟರ ಅನುಮತಿ ಬೇಕಿತ್ತು. 1753ರ ಕಾಯಿದೆ ಆ ಪಟ್ಟಿಯನ್ನು ರಿಜಿಸ್ಟರಿನಲ್ಲಿ ಇಡಲೇಬೇಕೆಂದಿತು. ತೊಡಕೆಂದರೆ, ಎಷ್ಟೋ ರಿಜಿಸ್ಟರುಗಳಲ್ಲಿ ಮಾಲೀಕನ ಹೆಸರು ಮತ್ತು ಪ್ಯಾರಿಷ್ (ಇಂಗ್ಲೆಂಡಿನಲ್ಲಿ ಒಂದು ಚರ್ಚಿಗೆ ಸೇರಿದ ಪ್ರದೇಶ) ಮಾತ್ರ ಇರುತ್ತದೆ, ಪಬ್ಬಿನ ಹೆಸರೇ ಇರುವುದಿಲ್ಲ. ಆಗ ಗೇಣಿ ಪತ್ರ, ಉಯಿಲು ನೋಡಿ ಮಾಲೀಕನನ್ನು ಮನೆಗೆ ಜೋಡಿಸಬೇಕು. ಕಾರ್ನ್‌ವಾಲ್‌ನ ದಾಖಲೆಗಳು ರೆಡ್ರತ್‌ ಪೇಟೆಯ ಕ್ರೆಸೆನ್ ಕರ್ನೊವ್ ಎಂಬ ದಾಖಲೆಗಳ ಭಂಡಾರದಲ್ಲಿವೆ. ಜಾಹೀರಾತಿಗೆ 1737ರಲ್ಲಿ ಶುರುವಾದ ಶೆರ್‌ಬೋರ್ನ್ ಮರ್ಕ್ಯುರಿ ಪತ್ರಿಕೆ ನೋಡಿ; ಹರಾಜು, ಗೇಣಿ ಸುದ್ದಿಯಲ್ಲಿ ಪಬ್ಬುಗಳ ಹೆಸರು ಸಿಗುತ್ತವೆ.

ಜನ ಎಡವುವುದು ಎರಡು ಕಡೆ. ಒಂದು, ಬಾಲ್ವೆಂಟರ್ ಎಂದು ಹುಡುಕುವುದು. ಆ ಪ್ಯಾರಿಷ್ ಆದದ್ದೇ 1840ರ ದಶಕದಲ್ಲಿ, ಅಂದರೆ ಪಬ್ಬಿಗಿಂತ ಅದು ಹೊಸದು. 18ನೇ ಶತಮಾನದ ಕಾಗದದಲ್ಲಿ ಹುಡುಕಬೇಕಾದ್ದು ಆಲ್ಟರ್ನನ್ ಎಂಬ ಹಳೆಯ ಪ್ಯಾರಿಷ್ ಹೆಸರಿನಡಿ. ಇನ್ನೊಂದು, ಪಂಚಾಂಗ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಅಧಿಕೃತ ಹೊಸ ವರ್ಷ ಮಾರ್ಚ್ 25ಕ್ಕೆ. ‘ಫೆಬ್ರವರಿ 1750’ ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1751.

ಇಸವಿಯಿಂದ ಹೆಸರನ್ನು ತೂಗುವ ಈ ಕ್ರಮಕ್ಕೆ ನಮ್ಮ ನೆಲದ ನಂಟೂ ಒಂದಿದೆ. ಇಂಗ್ಲೆಂಡಿನಲ್ಲಿ ‘ಮಾರ್ಕ್ವಿಸ್ ಕಾರ್ನ್‌ವಾಲಿಸ್’ ಹೆಸರಿನ ಪಬ್ಬುಗಳಿವೆ. ಭಾರತದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್‌ಗೆ ಮಾರ್ಕ್ವಿಸ್ ಎಂಬ ಆ ಪದವಿ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನೊಂದಿಗೆ ಒಪ್ಪಂದವಾದ 1792ರಲ್ಲೇ. ಹಾಗಾಗಿ ಕಟ್ಟಡ ಎಷ್ಟೇ ಹಳೆಯದಿರಲಿ, ಬೋರ್ಡಿನ ಮೇಲಿನ ಆ ಹೆಸರು 1792ಕ್ಕಿಂತ ಹಿಂದಿನದಾಗಲಾರದು.

ಜಮೈಕಾ ಇನ್ ವಿಷಯದಲ್ಲೂ ಬೇಕಾದ್ದು ಅಂಥದೇ ಒಂದು ಗೆರೆ. 1767ಕ್ಕಿಂತ ಹಿಂದಿನ ಒಂದೇ ಒಂದು ಕಾಗದದಲ್ಲಿ, ಗೇಣಿ ಪತ್ರವಾಗಲಿ ಹರಾಜಿನ ಜಾಹೀರಾತಾಗಲಿ, ಈ ಮನೆಗೆ ಜಮೈಕಾ ಎಂದು ಬರೆದಿದ್ದರೆ ಸಾಕು, ವಿಲಿಯಂ ಲೆಕ್ಕದಿಂದ ಹೊರಬೀಳುತ್ತಾರೆ.