ಕಾರ್ಬುರೇಟರ್ ಸೂಜಿಯ ಒಂದು ಕಚ್ಚು

ಮಡಿಕೇರಿಯಲ್ಲಿ ಮಾವನವರು ವರ್ಷಗಟ್ಟಲೆ ಓಡಿಸಿದ ಯಮಾಹಾ ಆರ್‌ಎಕ್ಸ್ 100 ಬೈಕ್ ಈಗ ಮಂಗಳೂರಿನ ನಮ್ಮ ಮನೆಯಲ್ಲಿದೆ. ಇಲ್ಲಿಗೆ ಬಂದ ಮೊದಲ ವಾರವೇ ಅದರಲ್ಲಿ ಒಂದು ತೊಂದರೆ ಕಾಣಿಸಿತು. ಪಂಪ್‌ವೆಲ್ ವೃತ್ತದಲ್ಲಿ ನಿಂತು ಹೊರಡುವಾಗ ಆಕ್ಸಿಲೇಟರ್ ತಿರುವಿದರೆ, ಎಂಜಿನ್ ಅರೆಕ್ಷಣ ಉಸಿರು ಕಟ್ಟಿದಂತೆ ತಡವರಿಸಿ, ಆಮೇಲೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತಿತ್ತು. ಹಿಂದೆ ಬಸ್ಸು ಇರುವಾಗ ಆ ಅರೆಕ್ಷಣವೂ ಅಪಾಯಕಾರಿ.

ಇಂತಹ ದೋಷಕ್ಕೆ ನೇರವಾಗಿ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಬದಲಿಸಲು ಹೊರಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಮೊದಲು ಏರ್ ಫಿಲ್ಟರ್, ಪೆಟ್ರೋಲ್ ಕಾಕ್‌ನ ಜಾಲರಿ ಮತ್ತು ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ತಳದ ಕೆಸರನ್ನು ಶುಚಿಗೊಳಿಸಿದೆ. ಕಾರ್ಬುರೇಟರನ್ನು ಎಂಜಿನ್‌ಗೆ ಸೇರಿಸುವ ರಬ್ಬರ್ ಭಾಗದಲ್ಲಿ ಬಿರುಕಿದ್ದರೆ ಅಲ್ಲಿಂದ ಕಳ್ಳಗಾಳಿ ಒಳನುಗ್ಗುವುದರಿಂದ, ಅದನ್ನು ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿದೆ, ಬಿರುಕಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಮಾತ್ರ ಸುಳಿವು ಸಿಕ್ಕಿತು: ಕಾಫಿಪುಡಿಯ ಬಣ್ಣವಿರಬೇಕಾದ ಅದರ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತಿದೆ ಎಂಬುದರ ಗುರುತು ಅದು. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಈ ಕೊರತೆಯನ್ನು ಹಾಗೆಯೇ ಬಿಟ್ಟರೆ ಪಿಸ್ಟನ್ ಕಾದು ಸೀಜ್ ಆಗುವವರೆಗೂ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುವವರೆಗೂ ಹೋಗಬಹುದು.

ಮುಂದಿನ ಪ್ರಶ್ನೆ, ತಡವರಿಕೆ ಆಕ್ಸಿಲೇಟರ್ ಎಷ್ಟು ತೆರೆದಾಗ ಬರುತ್ತದೆ ಎಂಬುದು. ಈ ಗಾಡಿಯ ಮಿಕುನಿ ಕಂಪನಿಯ ಕಾರ್ಬುರೇಟರ್‌ನಲ್ಲಿ ಪ್ರತಿ ಭಾಗಕ್ಕೂ ಅದರದೇ ಸರಹದ್ದಿದೆ. ಕಾಲುಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂಗಳ ಆಳ್ವಿಕೆ, ಅಲ್ಲಿಂದ ಮುಕ್ಕಾಲಿನವರೆಗೆ ಪೆಟ್ರೋಲಿನ ದಾರಿಯಲ್ಲಿ ಏರಿಳಿಯುವ ಸೂಜಿಯ ಪಾತ್ರ, ಅದರ ಮೇಲೆ ಮೇನ್ ಜೆಟ್. ಈ ಗಡಿಗಳು ಒಂದರೊಳಗೊಂದು ಸ್ವಲ್ಪ ಬೆರೆತಿರುತ್ತವೆ. ಹಿಡಿಯ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಪೆನ್ನಿನಿಂದ ಗೆರೆ ಎಳೆದು, ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಪ್ರತಿ ಸಲವೂ ಕಾಲಿನ ಗೆರೆ ದಾಟಿದ ಕೂಡಲೇ ಎಂಜಿನ್ ಸೊರಗುತ್ತಿತ್ತು. ಅದೇ ಜಾಗದಲ್ಲಿ, ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪ ತೆರೆದಾಗ ಸರಾಗವಾಗಿ ಎಳೆಯಿತು. ಪೆಟ್ರೋಲ್ ಹೆಚ್ಚಾಗಿ ತಡವರಿಸುತ್ತಿದ್ದರೆ ಚೋಕ್‌ನಿಂದ ದೋಷ ಇನ್ನೂ ಹದಗೆಡಬೇಕಿತ್ತು.

ಕಾರಣ ಘಟ್ಟದ ಮೇಲಿತ್ತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ. ಅಲ್ಲಿಗೆ ಹದವಾಗಿ ಹೊಂದಿಸಿದ ಕಾರ್ಬುರೇಟರ್ ಇಲ್ಲಿನ ದಟ್ಟ ಗಾಳಿಗೆ ಸಾಲುವಷ್ಟು ಪೆಟ್ರೋಲ್ ಕೊಡಲಾರದು.

ಕಾರ್ಬುರೇಟರ್‌ನ ಮೇಲ್ಮುಚ್ಚಳ ತಿರುಗಿಸಿ, ಆಕ್ಸಿಲೇಟರ್ ಕೇಬಲ್ಲಿನೊಂದಿಗೆ ಏರಿಳಿಯುವ ಸ್ಲೈಡನ್ನು ಹೊರಗೆಳೆದು, ಸ್ಪ್ರಿಂಗ್ ಒತ್ತಿ ಹಿಡಿದು ಕೇಬಲ್ ಬಿಡಿಸಿದರೆ ಸೂಜಿ ಕೈಗೆ ಬರುತ್ತದೆ. ಹಿತ್ತಾಳೆ ಬಣ್ಣದ ಆ ಸೂಜಿಯ ತಲೆಯ ಬಳಿ ಕೂದಲೆಳೆಯಷ್ಟು ಸಣ್ಣ ಐದು ಕಚ್ಚುಗಳಿದ್ದವು. ಕ್ಲಿಪ್ ಮೇಲಿನಿಂದ ಎರಡನೆಯದರಲ್ಲಿ ಕೂತಿತ್ತು. ಕ್ಲಿಪ್ ಕೆಳಗಿಳಿದಷ್ಟೂ ಸೂಜಿ ಮೇಲೇರಿ, ಅದರ ಸುತ್ತ ಪೆಟ್ರೋಲ್ ಹಾಯುವ ದಾರಿ ಅಗಲವಾಗುತ್ತದೆ. ಕ್ಲಿಪ್ ಚಿಮ್ಮಿದರೆ ಹುಡುಕುವುದು ಕಷ್ಟವೆಂದು ಬಿಳಿ ಪಂಚೆ ಹಾಸಿಕೊಂಡು ಕೂತು, ಚಿಮುಟದಿಂದ ಅದನ್ನು ಮೂರನೆಯ ಕಚ್ಚಿಗೆ ಇಳಿಸಿದೆ. ಸ್ಲೈಡನ್ನು ಮರಳಿ ಇಳಿಸುವಾಗ ಅದರ ಓರೆಯಾಗಿ ಕತ್ತರಿಸಿದ ಬದಿ ಏರ್ ಫಿಲ್ಟರಿನ ಕಡೆಗೇ ಇರಬೇಕು.

ಆನಂತರ ಎಂಜಿನ್ ಚೆನ್ನಾಗಿ ಕಾದ ಮೇಲೆ, ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಬಿಗಿದು ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಾಲುಸುತ್ತಿನಂತೆ ಆಚೀಚೆ ಮಾಡಿ, ಐಡ್ಲಿಂಗ್ ಅತ್ಯಂತ ಸ್ಥಿರವಾಗಿರುವ ಜಾಗದಲ್ಲಿ ನಿಲ್ಲಿಸಿದೆ. ಈ ಸ್ಕ್ರೂ ಗಾಳಿಯನ್ನು ನಿಯಂತ್ರಿಸುವುದರಿಂದ ಬಿಗಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಷ್ಟೋ ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ ಪಕ್ಕದಲ್ಲಿರುವ ಸ್ಕ್ರೂ ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ.

ಕದ್ರಿ ಗುಡ್ಡದ ಏರಿನಲ್ಲಿ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಆಕ್ಸಿಲೇಟರ್ ತಿರುವಿದೆ. ಎಲ್ಲಿಯೂ ತಡವರಿಸದೆ ಹತ್ತಿತು. ಇಪ್ಪತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿದಾಗ ತುದಿಗೆ ತೆಳು ಕಂದು ಬಣ್ಣ ಹತ್ತತೊಡಗಿತ್ತು. ಡಿಸೆಂಬರಿನಲ್ಲಿ ಇದೇ ಗಾಡಿಯಲ್ಲಿ ಮಡಿಕೇರಿಗೆ ಹೋಗುವವನಿದ್ದೇನೆ. ಅಲ್ಲಿ ಕೆಲವು ದಿನ ಉಳಿಯುವುದಾದರೆ ಕ್ಲಿಪ್ಪನ್ನು ಎರಡನೆಯ ಕಚ್ಚಿಗೆ ಮರಳಿ ಏರಿಸಬೇಕಾದೀತೆಂದು, ಚಿಮುಟವನ್ನು ಸೀಟಿನ ಕೆಳಗಿನ ಟೂಲ್ ಚೀಲದಲ್ಲಿಯೇ ಇಟ್ಟಿದ್ದೇನೆ.