ಬರ್ಲಿನ್ನಿನ ಯಹೂದಿ ನಡಿಗೆ ನಕ್ಷೆ: ಮೊದಲ ದಾರಿ ಮುಗಿಯಿತು, ಎರಡನೆಯದು ಅರ್ಧ

ಬರ್ಲಿನ್ನಿಗೆ ಬರುವ ಕನ್ನಡಿಗರಿಗೆಂದು ಇಲ್ಲಿನ ಯಹೂದಿ ನೆಲೆಗಳ ನಡಿಗೆ ನಕ್ಷೆ ಮಾಡುತ್ತಿದ್ದೇನೆ. ಕಳೆದ ಸಲ ಬರೆದಾಗ ಕೈಯಲ್ಲಿ ಜಾಗಗಳ ಪಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಹಾಕೆಶರ್ ಮಾರ್ಕ್ಟ್ ಸ್ಟೇಷನ್ ಸುತ್ತಲಿನ ದಾರಿ ಸಿದ್ಧವಾಗಿದೆ, ಸುಮಾರು ಎರಡು ಕಿಲೋಮೀಟರ್.

ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೇ ಹೆಚ್ಚು ತಲೆ ಕೆಡಿಸಿಕೊಂಡೆ. ನಾಜಿಗಳು ಅಧಿಕಾರಕ್ಕೆ ಬಂದ 1933ರಿಂದ ಕಥೆ ಎತ್ತಿಕೊಂಡರೆ ಈ ಜನ ಸಾಯಲಿಕ್ಕಷ್ಟೇ ಇಲ್ಲಿ ಇದ್ದರೇನೋ ಅನ್ನಿಸಿಬಿಡುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ದಾರಿ ಶುರುವಾಗುವುದು ಗ್ರೋಸೆ ಹಾಂಬುರ್ಗರ್ ಬೀದಿಯ ಹಳೆಯ ಸ್ಮಶಾನದಲ್ಲಿ. ವಿಯೆನ್ನಾದಿಂದ ಹೊರಹಾಕಿದ 50 ಕುಟುಂಬಗಳಿಗೆ 1671ರಲ್ಲಿ ಇಲ್ಲಿ ನೆಲೆಸಲು ಅನುಮತಿ ಸಿಕ್ಕಿತು, ಮರುವರ್ಷವೇ ಈ ಸ್ಮಶಾನ ಬಂತು. ಡೆಸ್ಸಾವ್‌ನಿಂದ 1743ರಲ್ಲಿ, ಓದಬೇಕೆಂದು 14ನೇ ವಯಸ್ಸಿಗೆ ಬಂದ ಮೋಸೆಸ್ ಮೆಂಡೆಲ್ಸೋನ್ ಮುಂದೆ ಯುರೋಪಿನ ದೊಡ್ಡ ದಾರ್ಶನಿಕರಾದರು. 1786ರಲ್ಲಿ ಅವರನ್ನು ಮಣ್ಣು ಮಾಡಿದ್ದು ಇಲ್ಲೇ. 1943ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಈ ಗೋರಿಗಳನ್ನೆಲ್ಲ ನಾಶ ಮಾಡಿತು. ಈಗ ಕಾಣುವ ಮೆಂಡೆಲ್ಸೋನ್ ಕಲ್ಲು ಆಮೇಲೆ ನಿಲ್ಲಿಸಿದ್ದು. ಪಕ್ಕದಲ್ಲಿದ್ದ ವೃದ್ಧಾಶ್ರಮವನ್ನು 1942ರಿಂದ, ಶಿಬಿರಗಳಿಗೆ ಗಡೀಪಾರು ಮಾಡುವ ಯಹೂದಿಗಳನ್ನು ಕೂಡಿಹಾಕುವ ತಾಣ ಮಾಡಿದ್ದರು. ಅದಕ್ಕೆ ತಾಗಿದಂತೆಯೇ ಇವತ್ತು ಯಹೂದಿ ಶಾಲೆಯೊಂದು ನಡೆಯುತ್ತಿದೆ, ಹೊರಗೆ ಪೊಲೀಸ್ ಕಾವಲು. ಆಟದ ಬಿಡುವಿನ ಹೊತ್ತಿಗೆ ಅಲ್ಲಿರುವಂತೆ ಹೊರಡಿ ಎಂದು ನಕ್ಷೆಯಲ್ಲಿ ಬರೆದಿದ್ದೇನೆ. ಮಕ್ಕಳ ಗಲಾಟೆಯೂ ಈ ಪರಂಪರೆಯದ್ದೇ ಭಾಗ.

ಅಲ್ಲಿಂದ ಒರಾನಿಯೆನ್‌ಬುರ್ಗರ್ ಬೀದಿಯ ಹೊಸ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. 1866ರಲ್ಲಿ ತೆರೆದಾಗ 3,200 ಜನ ಕೂರುವಷ್ಟು ದೊಡ್ಡದು. 1938ರ ನವೆಂಬರ್ 9ರ ರಾತ್ರಿ ನಾಜಿಗಳು ದೇಶದ ತುಂಬ ಯಹೂದಿಗಳ ಮೇಲೆ ದಾಳಿ ಮಾಡಿದಾಗ, ಇದಕ್ಕೆ ಬೆಂಕಿ ಹಚ್ಚಲು ಬಂದವರನ್ನು ವಿಲ್‌ಹೆಲ್ಮ್ ಕ್ರುಟ್ಸ್‌ಫೆಲ್ಟ್ ಮುಖ್ಯಸ್ಥರಾಗಿದ್ದ ಠಾಣೆಯ ಪೊಲೀಸರು ತಡೆದರು. ಐದು ವರ್ಷದ ನಂತರ ಬಾಂಬ್ ಬಿತ್ತು, 1958ರಲ್ಲಿ ಮುಖ್ಯ ಸಭಾಂಗಣವನ್ನು ಕೆಡವಿದರು. ಎಲ್ಲರೂ ಚಿನ್ನದ ಬಣ್ಣದ ಗುಮ್ಮಟದ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ದಯವಿಟ್ಟು ಒಳಗೆ ಹೋಗಿ ಹಿಂಬದಿಯ ಬಯಲು ನೋಡಿ. ಸಭಾಂಗಣದ ಅಳತೆಯನ್ನು ನೆಲದ ಮೇಲೆ ಕಲ್ಲಿನಲ್ಲಿ ಗುರುತು ಮಾಡಿದ್ದಾರೆ. ಆಗಲೇ ಗೊತ್ತಾಗುವುದು ಎಷ್ಟು ಹೋಯಿತೆಂದು.

ರೋಸೆನ್‌ಥಾಲರ್ ಬೀದಿ 39ರಲ್ಲಿ ಓಟೊ ವೈಟ್ ಅವರ ಬ್ರಷ್ ಕಾರ್ಖಾನೆ ಇತ್ತು, ಈಗ ಅದು ಮ್ಯೂಸಿಯಂ. ಕುರುಡ ಯಹೂದಿ ಕೆಲಸಗಾರರನ್ನು ನಾಜಿಗಳಿಂದ ಉಳಿಸಿಕೊಳ್ಳಲು ಅವರು ಪಟ್ಟ ಪಾಡು ಅಲ್ಲಿನ ಇಕ್ಕಟ್ಟಿನ ಕೋಣೆಗಳಲ್ಲೇ ತಿಳಿಯುತ್ತದೆ. ಕೊನೆಗೆ ರೋಸೆನ್ ಬೀದಿ: 1943ರ ಚಳಿಯಲ್ಲಿ, ಬಂಧನದಲ್ಲಿದ್ದ ಯಹೂದಿ ಗಂಡಂದಿರನ್ನು ಬಿಡಿ ಎಂದು ಅವರ ಯಹೂದಿಯಲ್ಲದ ಹೆಂಡತಿಯರು ಬಂದು ನಿಂತ ಜಾಗ.

ದಾರಿಯುದ್ದಕ್ಕೂ ಕಾಲಬುಡದಲ್ಲಿ ಕಲಾವಿದ ಗುಂಟರ್ ಡೆಮ್ನಿಗ್ ಶುರು ಮಾಡಿದ ಹಿತ್ತಾಳೆ ಕಲ್ಲುಗಳು ಸಿಗುತ್ತವೆ. ಹತ್ತು ಸೆಂಟಿಮೀಟರ್ ಚೌಕ, ಆ ಮನೆಯಲ್ಲಿದ್ದವರ ಹೆಸರು, ಹುಟ್ಟಿದ ವರ್ಷ, ಒಯ್ದ ದಿನ. ನವೆಂಬರ್ 9 ಬಂತೆಂದರೆ ಅಕ್ಕಪಕ್ಕದವರು ಮಂಡಿಯೂರಿ, ನಾವು ಹಬ್ಬಕ್ಕೆ ದೀಪದ ಕಂಬ ಬೆಳಗುವ ಹಾಗೆ ಇವನ್ನು ತಿಕ್ಕುತ್ತಾರೆ.

ಎರಡನೆಯ ದಾರಿ ಶೋನೆಬೆರ್ಗ್‌ನ ಬವೇರಿಯನ್ ಬಡಾವಣೆ. ಐನ್‌ಸ್ಟೈನ್ ಇದ್ದದ್ದು ಇಲ್ಲೇ. ಕಲಾವಿದರಾದ ರೆನಾಟಾ ಷ್ಟಿ ಮತ್ತು ಫ್ರೀಡರ್ ಶ್ನೋಕ್ 1993ರಲ್ಲಿ ಬೀದಿ ದೀಪದ ಕಂಬಗಳಿಗೆ 80 ಫಲಕ ಹಾಕಿದರು. ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ನಾಜಿಗಳ ಕಾಲದ ಒಂದು ಕಟ್ಟಳೆ. ಯಹೂದಿಗಳು ದಿನಸಿ ಕೊಳ್ಳುವುದು ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ, 1940. ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ, 1942. ಇವನ್ನು ಕನ್ನಡಕ್ಕೆ ತರುತ್ತಿದ್ದೇನೆ, ಅರ್ಧ ಆಗಿದೆ. ಫಲಕಗಳು ಬೀದಿಯಲ್ಲಿ ಇಸವಿಯ ಕ್ರಮದಲ್ಲಿಲ್ಲ, ನಾನೂ ಜೋಡಿಸಲು ಹೋಗಿಲ್ಲ. ಬೇಕರಿಯೆದುರು, ಬಸ್ ಸ್ಟಾಪಿನ ಪಕ್ಕ ಒಂದೊಂದಾಗಿ ಎದುರಾಗಬೇಕು. ಇಸವಿವಾರು ಪಟ್ಟಿಯನ್ನು ಪ್ರತ್ಯೇಕವಾಗಿ ಕೊಡುತ್ತೇನೆ.

ವಾಸ್ತುಶಿಲ್ಪಿ ಲಿಬೆಸ್ಕಿಂಡ್ ವಿನ್ಯಾಸ ಮಾಡಿದ ಯಹೂದಿ ಮ್ಯೂಸಿಯಂ ಅನ್ನು ನಕ್ಷೆಯಿಂದ ಕೈಬಿಟ್ಟೆ. ಅದಕ್ಕೇ ಒಂದು ದಿನ ಬೇಕು.

ಮುಂದಿನದು ಗ್ರುನೆವಾಲ್ಡ್ ಸ್ಟೇಷನ್ನಿನ 17ನೇ ಪ್ಲಾಟ್‌ಫಾರ್ಮ್. 1941ರ ಅಕ್ಟೋಬರ್ 18ರಂದು ಬರ್ಲಿನ್ನಿನ ಯಹೂದಿಗಳನ್ನು ಹೊತ್ತ ಮೊದಲ ಗಡೀಪಾರು ರೈಲು ಅಲ್ಲಿಂದ ಹೊರಟಿತು. ಅಂಚಿನ 186 ಉಕ್ಕಿನ ಫಲಕಗಳಲ್ಲಿ ತಾರೀಖು, ಜನರ ಸಂಖ್ಯೆ, ತಲುಪಿದ ಊರು ಇವೆ. ಹಾಕೆಶರ್ ಮಾರ್ಕ್ಟ್‌ನಿಂದ ಎಸ್7 ರೈಲು ನೇರ ಹೋಗುತ್ತದೆ. ಅದಾದ ಮೇಲೆ ವೈಸೆನ್‌ಸೇ ಯಹೂದಿ ಸ್ಮಶಾನ. ಅಲ್ಲಿಗೆ ಈಗಲೇ ಹೋಗುವವರಿದ್ದರೆ ಗಮನಿಸಿ: ಶನಿವಾರ ಬಾಗಿಲು ಹಾಕಿರುತ್ತದೆ, ಗಂಡಸರು ತಲೆಗೆ ಟೋಪಿ ಹಾಕಿಕೊಳ್ಳಬೇಕು.