ಉಪ್ಪುನೀರಿನ ಫ್ಲೈ ರೀಲ್: ಜಾರುತ್ತಿದ್ದ ಡ್ರ್ಯಾಗ್ ಕೊನೆಗೂ ಹಿಡಿಯಿತು

ನಾಲ್ಕು ವಾರಗಳಿಂದ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದ ನನ್ನ 8 ವೇಟ್ (ಲೈನಿನ ತೂಕದ ದರ್ಜೆ) ಫ್ಲೈ ರೀಲ್, ಅಂದರೆ ಕೃತಕ ನೊಣ ಕಟ್ಟಿ ಮೀನು ಹಿಡಿಯುವ ಗಾಳದ ಲೈನ್ ಸುತ್ತಿಡುವ ರಾಟೆ, ನಿನ್ನೆ ರಾತ್ರಿ ಹಿಡಿತಕ್ಕೆ ಬಂತು. ಉಪ್ಪುನೀರಿಗೆಂದು ಹೊಸ ರೀಲ್ ಆರಿಸಲು ಹೊರಟವನು ಹಳೆಯದರ ಒಂದು ಪುಟ್ಟ ಬೇರಿಂಗ್‌ನ ಹಿಂದೆ ಬಿದ್ದೆ. ಅದರ ಗುಣ ತಿಳಿದ ಮೇಲೆಯೇ ಯಾವ ರೀಲ್ ಕೊಳ್ಳಬೇಕೆಂಬುದೂ ಇತ್ಯರ್ಥವಾಯಿತು.

ಕಾಟ ಶುರುವಾದದ್ದು ಮೂಲ್ಕಿಯಲ್ಲಿ, ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಬಳಿ. ಇಳಿತದ ಹೊತ್ತಿನಲ್ಲಿ ಗಟ್ಟಿಯಾದೊಂದು ಕೆಂಬೇರಿ ಮೀನು ಕಚ್ಚಿ ನೇರವಾಗಿ ಕಾಂಡ್ಲಾ ಬೇರುಗಳತ್ತ ನುಗ್ಗಿತು. ಮೀನು ಎಳೆದಾಗ ತಡೆ ಒಡ್ಡುವ ಬ್ರೇಕೇ ಡ್ರ್ಯಾಗ್; ಅದರ ನಾಬ್ ಅನ್ನು ಕೊನೆಯವರೆಗೆ ಬಿಗಿದರೂ ಲೈನ್ ಸುತ್ತಿದ ಸ್ಪೂಲ್ ಅಡ್ಡಿಯೇ ಇಲ್ಲದಂತೆ ಉರುಳಿತು. ಅಂಗೈಯಿಂದ ಅದರ ಅಂಚನ್ನು ಒತ್ತಿ ಹಿಡಿಯುವಷ್ಟರಲ್ಲಿ ಲೈನ್ ಬೇರಿಗೆ ಸುತ್ತಿಕೊಂಡು, ಅದರ ತುದಿಯ ತೆಳು ದಾರವಾದ ಟಿಪೆಟ್ ಕಡಿದುಹೋಯಿತು. ಆ ಮೀನು ತಪ್ಪಿದ ಸಂಕಟ ಇನ್ನೂ ಹೋಗಿಲ್ಲ.

ಮೊದಲು ನಾನು ಶಂಕಿಸಿದ್ದು ಡ್ರ್ಯಾಗ್ ಒಳಗೆ ಉಜ್ಜಿ ತಡೆ ಕೊಡುವ ಕಾರ್ಕ್ ಬಿಲ್ಲೆಯನ್ನು. ಅದನ್ನು ಒರೆಸಿದೆ, ಎಣ್ಣೆ ಹಚ್ಚಿದೆ, ಕೊನೆಗೆ ಹೊಸದನ್ನೇ ಕತ್ತರಿಸಿ ಅಂಟಿಸಿದೆ, ಫಲ ಸೊನ್ನೆ. ಐದನೆಯ ಸಂಜೆ ಬಿಲ್ಲೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಲೈನ್ ಜಗ್ಗಿ ನೋಡಿದಾಗ ಸ್ಪೂಲ್ ಸುತ್ತುತ್ತಿತ್ತೇ ಹೊರತು ಬಿಲ್ಲೆ ಕದಲಲೇ ಇಲ್ಲ. ಅಂದರೆ ಜಾರುತ್ತಿದ್ದುದು ಕಾರ್ಕ್ ಅಲ್ಲ, ಸ್ಪೂಲನ್ನೂ ಬಿಲ್ಲೆಯನ್ನೂ ಜೋಡಿಸುವ ಒನ್‌ವೇ ಬೇರಿಂಗ್. ಮೀನು ಎಳೆದಾಗ ಅದರೊಳಗಿನ ಸಣ್ಣ ರೋಲರ್‌ಗಳು ಇಳಿಜಾರಾದ ಗೂಡುಗಳಲ್ಲಿ ಸರಿದು ದಂಡಕ್ಕೆ ಕಚ್ಚಿಕೊಳ್ಳಬೇಕು; ನಾವು ಸುತ್ತಿಕೊಳ್ಳುವಾಗ ಬಿಟ್ಟುಕೊಡಬೇಕು. ಉಪ್ಪು ತಾಗದಿರಲೆಂದು ಪ್ರವಾಸಕ್ಕೆ ಮುಂಚೆ ನಾನೇ ಅದರ ತುಂಬ ದೋಣಿ ಎಂಜಿನ್ನಿನ ದಪ್ಪ ಗ್ರೀಸ್ ತುರುಕಿದ್ದೆ. ಆ ಗ್ರೀಸಿನಲ್ಲಿ ಹೂತ ರೋಲರ್‌ಗಳಿಗೆ ಸರಿಯಲು ಎಡೆಯೇ ಇರಲಿಲ್ಲ. ಕಾಪಾಡಲೆಂದು ಹಚ್ಚಿದ್ದೇ ಕೆಲಸ ಕೆಡಿಸಿತ್ತು.

ಅಷ್ಟರಲ್ಲಿ ಒಳಗೆ ತುಕ್ಕೂ ಹಿಡಿದಿದ್ದರಿಂದ ಹೊಸ ಬೇರಿಂಗ್ ಬೇಕಾಯಿತು. ಇದು ಎಚ್‌ಎಫ್ 0812, ಒಳವ್ಯಾಸ 8 ಮಿ.ಮೀ., ಹೊರವ್ಯಾಸ 12 ಮಿ.ಮೀ. ನಗರದ ಅಂಗಡಿಯೊಂದರವರು ಎರಡು ವಾರ ಕಾಯಿಸಿ, ‘ಎರಡೂ ಒಂದೇ ಸಾರ್, ಧೈರ್ಯವಾಗಿ ಹಾಕಿ’ ಎಂದು ಎಚ್‌ಕೆ 0812 ಕೊಟ್ಟು ಕಳುಹಿಸಿದರು. ಅಳತೆ ನಿಜವಾಗಿಯೂ ಒಂದೇ, ಆದರೆ ಎಚ್‌ಕೆ ಎಂಬುದು ಎರಡೂ ಕಡೆಗೆ ತಿರುಗುವ ಸಾಮಾನ್ಯ ಸೂಜಿ ಬೇರಿಂಗ್. ಅದನ್ನು ಕೂರಿಸಿದರೆ ಡ್ರ್ಯಾಗ್ ಎಂಬುದೇ ಇರುವುದಿಲ್ಲ. ಮಾರುವವರು ಒಂದು ಅಕ್ಷರದ ವ್ಯತ್ಯಾಸವನ್ನು ಲೆಕ್ಕಿಸದಿದ್ದರೆ ಕೊಳ್ಳುವವನ ದಿನಗಳು ಹಾಳಾಗುತ್ತವೆ. 8 ಮಿ.ಮೀ. ದಂಡವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲಿಯೇ ತೂರಿಸಿ ತಿರುಗಿಸಿ ನೋಡಿ: ಒಂದು ದಿಕ್ಕಿಗೆ ಗಟ್ಟಿಯಾಗಿ ನಿಲ್ಲಬೇಕು. ಸರಿಯಾದದ್ದು ಸಿಕ್ಕಿದ ಮೇಲೆ ಪೆಟ್ರೋಲಿನಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಎರಡೇ ತೊಟ್ಟು ಬಿಟ್ಟು, ಎಡಗೈಯಲ್ಲಿ ಸುತ್ತುವುದಕ್ಕೆ ಒಗ್ಗುವ ಮುಖ ನೋಡಿ ಒತ್ತಿ ಕೂರಿಸಿದೆ.

ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದಾಗ ತುಂಬಿದ ಸ್ಪೂಲ್ 1.8 ಕೆ.ಜಿ.ಗೆ ಸಮನಾಗಿ ಬಿಟ್ಟುಕೊಟ್ಟಿತು. ಇದು 16 ಪೌಂಡಿನ ಟಿಪೆಟ್ ತಾಳುವ ಭಾರದ ಕಾಲು ಭಾಗ. ಮೀನು ಲೈನನ್ನು ಎಳೆದೊಯ್ದಂತೆ ಸ್ಪೂಲಿನಲ್ಲಿ ಉಳಿದ ಲೈನಿನ ಸುತ್ತಿನ ವ್ಯಾಸ 9 ಸೆಂ.ಮೀ.ನಿಂದ 6ಕ್ಕೆ ಇಳಿದಾಗ, ನಾಬ್ ಮುಟ್ಟದಿದ್ದರೂ ಅದೇ ತಡೆ 2.7 ಕೆ.ಜಿ. ಆಗುತ್ತದೆ, ನೀರಿನಲ್ಲಿ ಎಳೆದಾಡುವ ಲೈನಿನ ಭಾರ ಬೇರೆ. ಆದ್ದರಿಂದ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸುವ ಗರಿಷ್ಠ ಡ್ರ್ಯಾಗ್‌ಗೆ ನಾನು ಬೆಲೆ ಕೊಡುವುದಿಲ್ಲ. ಮೊದಲ ಎಳೆತಕ್ಕೆ ಸ್ಪೂಲ್ ಜರ್ಕ್ ಹೊಡೆಯದೆ ಹೊರಡುತ್ತದೆಯೇ, ಸುತ್ತಿನ ವ್ಯಾಸ ತೀರ ಇಳಿಯದಂತೆ ಲೈನ್ ಸುತ್ತುವ ನಡುಗಂಬ ದಪ್ಪವಾಗಿದೆಯೇ ಎಂಬುದನ್ನೇ ನೋಡುತ್ತೇನೆ.

ಈ ನಡುಗಂಬದ ಲೆಕ್ಕವೇ ಇನ್ನೊಂದು ಆಸೆ ಹುಟ್ಟಿಸಿದೆ. ನಮ್ಮ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದ ಲೇತ್ ಅಂಗಡಿಯೊಂದಿದೆ. ಮಳೆಗಾಲದಲ್ಲಿ ಕಡಲಿಗೆ ಹೋಗಲಾಗದ ತಿಂಗಳುಗಳಲ್ಲಿ 6061 ದರ್ಜೆಯ ಅಲ್ಯೂಮಿನಿಯಂ ದಿಮ್ಮಿಯಿಂದ ಹೆಚ್ಚುವರಿ ಸ್ಪೂಲ್ ಕಡೆಸಿ, ಉಪ್ಪು ತಿನ್ನದಂತೆ ಆನೊಡೈಸ್ ಮಾಡಿಸಬೇಕೆಂದಿದ್ದೇನೆ. ಚಿತ್ರ ಬರೆದದ್ದಾಗಿದೆ, ರಂಧ್ರಗಳ ಜಾಗವಷ್ಟೇ ಬಾಕಿ.

ಹೊಸ ರೀಲಿನ ವಿಷಯಕ್ಕೆ ಬಂದರೆ, ನಮ್ಮ ಊರಿನ ದೂರವೇ ನನ್ನ ಆಯ್ಕೆಯನ್ನು ನಿರ್ಧರಿಸಿತು. ಕಡಲ ದಂಡೆಯಲ್ಲಿಯೇ ಮನೆಯಿರುವವರು ಸಂಜೆಯೇ ಸಿಹಿನೀರಿನಲ್ಲಿ ರೀಲ್ ತೊಳೆದಿಡಬಹುದು. ನಾನು ಸಂಪಾಜೆ ಘಟ್ಟ ಹತ್ತಿ, ಮಡಿಕೇರಿ ದಾಟಿ ಮೈಸೂರು ಸೇರುವ ಹೊತ್ತಿಗೆ ಉಪ್ಪು ಒಳಗೆಲ್ಲ ಒಣಗಿ ಹರಳುಗಟ್ಟಿರುತ್ತದೆ. ಹೀಗಾಗಿ ನನಗೆ ಬೇಕಾದದ್ದು ನೀರು ಒಳಹೋಗದಂತೆ ಸೀಲ್ ಮಾಡಿದ ಡ್ರ್ಯಾಗ್. ಆದರೆ ಪೂರ್ತಿ ಮುಚ್ಚಿಟ್ಟು, ಕೆಟ್ಟರೆ ಪರದೇಶಕ್ಕೆ ಕಳುಹಿಸಬೇಕಾದ ರೀಲ್ ಇಲ್ಲಿ ನಿಷ್ಪ್ರಯೋಜಕ. ಒಂದು ಸ್ಕ್ರೂ ತೆಗೆದರೆ ಬಿಚ್ಚಿಕೊಳ್ಳುವ, ನೀರು ತಡೆಯುವ ರಬ್ಬರ್ ಬಳೆ (ಓ-ರಿಂಗ್) ಬದಲಿಸಬಹುದಾದ, ಇದೇ 0812 ಅಳತೆಯ ಬೇರಿಂಗ್ ಇರುವ ಮಾದರಿಯೊಂದಕ್ಕೆ ಹಣ ಕಟ್ಟಿದ್ದೇನೆ. ಹಳೆಯದೂ ಜೊತೆಗೆ ಬರುತ್ತದೆ. ದಾರಿಯಲ್ಲಿ ತೊಳೆಯಲೆಂದು ಐದು ಲೀಟರಿನ ಸಿಹಿನೀರಿನ ಕ್ಯಾನ್ ಒಂದನ್ನು ಈಗಾಗಲೇ ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದೇನೆ.